ಹೇಲಿನ ಗ್ಯಾಸೂ ನಮ್ಮ ಉಸಿರೂ
(ಹೊಸಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇವತ್ತು ನಾವು ಹೇಲಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೀವಿ. ನಗಬೇಡಿ. ಸರ್ಕಾರದ ಕಾಗದದಲ್ಲಿ ಅದು ಮಲ ಕೆಸರು, ಎಂಜಿನಿಯರುಗಳ ಬಾಯಲ್ಲಿ ಸ್ಲಡ್ಜು. ಹೆಸರು ಬದಲಾಯಿತು, ಅದನ್ನು ಎತ್ತುವ ಕೈಯ ಜಾತಿ ಬದಲಾಗಲಿಲ್ಲ.

ಈ ಕೆಸರಿನಿಂದ ಗ್ಯಾಸು, ಕರೆಂಟು, ಗೊಬ್ಬರ ಮಾಡಬಹುದು ಅಂತ ಈಗ ಎಲ್ಲ ಕಡೆ ಹೇಳ್ತಾರೆ. ಸುಳ್ಳಲ್ಲ, ಹೊಸದೂ ಅಲ್ಲ. 1897ರಲ್ಲೇ ಬೊಂಬಾಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದ ತೊಟ್ಟಿಯಿಂದ ಗ್ಯಾಸು ಹಿಡಿದಿದ್ದರು. ಊರು ಯಾರನ್ನು ಹೊರಗಿಟ್ಟಿತ್ತೋ ಅವರ ಹೇಲಿನಿಂದ!

ಗಾಳಿಯಾಡದ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮಲವನ್ನು ತಿಂದು ಗ್ಯಾಸು ಬಿಡುತ್ತವೆ. ಅದರಲ್ಲಿ ಸುಮಾರು ಶೇಕಡಾ 60 ಮೀಥೇನು, ಉರಿಯುವುದು ಅದೇ. ಒಬ್ಬ ಮನುಷ್ಯನ ಒಂದು ದಿನದ ಮಲದಿಂದ ಸುಮಾರು 1 ಘನ ಅಡಿ ಗ್ಯಾಸು. ನಿಮ್ಮ ಹಾಸ್ಟೆಲಿನಲ್ಲಿ 100 ಜನ ಇದ್ದರೆ 100 ಘನ ಅಡಿ. ಅಂದರೆ 12 ದಿನಕ್ಕೆ ಹತ್ತಿರಹತ್ತಿರ ಒಂದು ಅಡುಗೆ ಸಿಲಿಂಡರಿನಷ್ಟು ಉರಿ. ಅಷ್ಟರಿಂದ ಅಡುಗೆಮನೆ ಪೂರ್ತಿ ನಡೆಯೋದಿಲ್ಲ. ತಟ್ಟೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ ಸೇರಿಸಿದರೆ ಗ್ಯಾಸು ಹೆಚ್ಚುತ್ತೆ. ಈ ಜೀವಿಗಳಿಗೆ 35 ಡಿಗ್ರಿಯ ಸೆಕೆ ಅಂದರೆ ಹಬ್ಬ. ನಮ್ಮ ಬಳ್ಳಾರಿ ಸೀಮೆಯ ಬಿಸಿಲು ಇದೊಂದು ಕೆಲಸಕ್ಕಾದರೂ ಬಂತು. ಆದರೆ ಕಕ್ಕಸಿಗೆ ಸಿಕ್ಕಾಪಟ್ಟೆ ಫಿನಾಯಿಲು ಸುರಿದರೆ ಅವು ಸಾಯ್ತವೆ.

ಇನ್ನೊಂದು ಮಾತು ತಿಳಿದಿರಲಿ. ಗ್ಯಾಸು ಬರುವುದು ಹೊಸ ಮಲದಿಂದ. ಕಂಪ್ಲಿ, ಸಂಡೂರಿನಂಥ ಊರುಗಳಲ್ಲಿ ಮನೆ ಹಿಂದಿನ ಗುಂಡಿಯಲ್ಲಿ ವರ್ಷಗಟ್ಟಲೆ ಕೂತ ಕೆಸರಿನ ಗ್ಯಾಸು ಗುಂಡಿಯಲ್ಲೇ ಹೋಗಿಬಿಟ್ಟಿರುತ್ತೆ. ಅದನ್ನು ಟ್ಯಾಂಕರಿನಲ್ಲಿ ಹೀರಿ ತಂದು ಕರೆಂಟು ಮಾಡ್ತೀವಿ ಅನ್ನೋರ ಮಾತನ್ನು ಪೂರ್ತಿ ನಂಬಬೇಡಿ. ಅದರಿಂದ ಆಗೋದು ಮುಖ್ಯವಾಗಿ ಗೊಬ್ಬರ. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಕೆಸರಿಗಾಗಿಯೇ ಘಟಕ ಕಟ್ಟಿದರು. ಅಲ್ಲಿ ಕೆಸರನ್ನು ಒಣಗಿಸಿ, ಊರಿನ ಹಸಿ ಕಸದ ಜೊತೆ ಕೊಳೆಸಿ ಗೊಬ್ಬರ ಮಾಡಿದರು. ಕಂಪ್ಲಿಯ ಕಬ್ಬು, ಹೊಸಪೇಟೆಯ ಬಾಳೆ ಅಂಥ ಗೊಬ್ಬರ ಬೇಡ ಅನ್ನುತ್ತವೆಯೇ? ಆದರೆ ಕೊಳೆಸದೆ ಹಸಿಯಾಗಿ ಹೊಲಕ್ಕೆ ಸುರಿದರೆ ಜಂತುಹುಳದ ಮೊಟ್ಟೆ ಮಣ್ಣಲ್ಲಿ ಉಳಿಯುತ್ತೆ. ಆ ಮಣ್ಣಲ್ಲಿ ಬರಿಗಾಲಲ್ಲಿ ನಿಲ್ಲೋರು ಕೂಲಿಗೆ ಹೋಗುವ ನಮ್ಮ ಅವ್ವಂದಿರು.

ಈಗ ನಾವು ಹೇಳಬೇಕಾದ್ದಕ್ಕೆ ಬರ್ತೀವಿ. ಒಲೆಯಲ್ಲಿ ಉರಿಯುವ ಗ್ಯಾಸು ಯಾವುದೋ, ಮ್ಯಾನ್‌ಹೋಲಿನಲ್ಲಿ ನಮ್ಮವರನ್ನು ಕೊಲ್ಲುವುದೂ ಅದೇ ಕೊಳೆತದಿಂದ ಹುಟ್ಟಿದ್ದು. ಮೀಥೇನಿನ ಜೊತೆ ಹೈಡ್ರೋಜನ್ ಸಲ್ಫೈಡೂ ಹುಟ್ಟುತ್ತೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾತ. ಜಾಸ್ತಿಯಾದಾಗ ಮೂಗೇ ಸತ್ತುಹೋಗಿ ನಾತ ತಿಳಿಯೋದಿಲ್ಲ. ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಇಳಿದವನು ಎರಡು ಉಸಿರಿಗೆ ಬೀಳ್ತಾನೆ, ಅವನನ್ನು ಎತ್ತೋಕೆ ಹೋದ ತಮ್ಮನೂ ಬೀಳ್ತಾನೆ. ಪೇಪರಿನಲ್ಲಿ 'ಉಸಿರುಗಟ್ಟಿ ಸಾವು' ಅಂತ ನಾಲ್ಕು ಸಾಲು.

ಕಾನೂನು ಇಲ್ಲವೇ? ಇದೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸಿದವನಿಗೆ ಜೈಲು. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು.

ಹಾಗಾದರೆ ಗ್ಯಾಸಿನ ತೊಟ್ಟಿ ಬೇಡವೇ? ಬೇಕು. ಕೇರಿಗೂ ಬೇಕು, ಹಾಸ್ಟೆಲಿಗೂ ಬೇಕು, ಹಂಪಿ ನೋಡಲು ಬರುವವರನ್ನು ಇಳಿಸಿಕೊಳ್ಳುವ ಲಾಡ್ಜುಗಳಿಗಂತೂ ಮೊದಲು ಬೇಕು. ಹಂಪಿಯಲ್ಲಿ ಗೈಡು ರಾಯರ ಕಾಲದ ನೀರಿನ ಕಾಲುವೆ ತೋರಿಸ್ತಾನೆ. ಆ ಅರಮನೆಗಳ ಹೇಲು ಎತ್ತಿದವರು ಯಾರು ಅಂತ ಯಾವ ಪ್ರವಾಸಿಯೂ ಕೇಳೋದಿಲ್ಲ. ಇರಲಿ. ಗ್ಯಾಸಿನ ತೊಟ್ಟಿಯ ತಳದಲ್ಲೂ ಮರಳು, ಕೆಸರು ಕೂರುತ್ತೆ, ಕೆಲವು ವರ್ಷಕ್ಕೊಮ್ಮೆ ಅದನ್ನೂ ತೆಗೀಬೇಕು. ಆಗ ಯಾರನ್ನು ಕರೀತಾರೆ? ಅದಕ್ಕೇ ನಕ್ಷೆ ಬರೆಯುವಾಗಲೇ ಕೇಳಬೇಕು: ತಳದಿಂದ ಕೆಸರು ಹೊರಬರಲು ಕೊಳವೆ ಇದೆಯೇ? ಹೀರುವ ಯಂತ್ರ ಬರಲು ದಾರಿ ಇದೆಯೇ? ಘಟಕ ನಡೆಸುವ ಕುರ್ಚಿಯಲ್ಲಿ ತರಬೇತಿ, ಸಂಬಳ, ಖಾಯಂ ಕೆಲಸದ ಸಮೇತ ಪೌರಕಾರ್ಮಿಕರ ಮಕ್ಕಳು ಕೂರ್ತಾರೋ, ಇಲ್ಲ ಕುರ್ಚಿ ಕಂಟ್ರಾಕ್ಟರನಿಗೆ, ಕೆಸರು ನಮಗೋ? ಗೊಬ್ಬರ ಮಾರಿದ ದುಡ್ಡಲ್ಲಿ ಅವರ ಪಾಲು ಎಷ್ಟು?

ನಿಮ್ಮಲ್ಲಿ ಐಟಿಐ, ಡಿಪ್ಲೊಮಾ ಓದುವವರು ಇದ್ದೀರಿ. ಈ ನಕ್ಷೆ ಓದುವುದು ಕಲಿಯಿರಿ. ಹಾಸ್ಟೆಲಿಗೆ ಹೋದಮೇಲೆ ವಾರ್ಡನ್ನರನ್ನು ಕೇಳಿ: ನಮ್ಮ ಗುಂಡಿ ಎಲ್ಲಿದೆ, ಕೊನೇ ಸಲ ಯಾವಾಗ ತೆಗೆಸಿದಿರಿ, ಯಂತ್ರದಿಂದಲೋ ಮನುಷ್ಯನಿಂದಲೋ, ಕೆಸರನ್ನು ಎಲ್ಲಿ ಸುರಿದರು? ಉತ್ತರ ಬರೆದುಕೊಂಡು ಮುಂದಿನ ಸಭೆಗೆ ತನ್ನಿ.

ಜೈ ಭೀಮ್.