ಕಾಲು ಇಂಚಿನ ಗುರುತು



ವಿಶ್ವವಿದ್ಯಾನಿಲಯದಲ್ಲಿ ಪಾಠ ವಿದ್ಯಾರ್ಥಿಗಳಿಗೆ, ಸಂಶೋಧನೆ ಪ್ರಾಧ್ಯಾಪಕರಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲ ಎಂಬುದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವೇ ಸಾಕ್ಷಿ. ಕ್ಯಾವೆಂಡಿಶ್ ಪ್ರಯೋಗಾಲಯ ಎಂಬ ಹೆಸರಿನ ಈ ವಿಭಾಗ 1874ರಲ್ಲಿ ಆರಂಭವಾಯಿತು. ಜೆ. ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದದ್ದು ಇಲ್ಲಿಯೇ. ಅವರ ಬಳಿ ಕಲಿಯಲು 1895ರಲ್ಲಿ ನ್ಯೂಜಿಲೆಂಡಿನಿಂದ ಬಂದ ವಿದ್ಯಾರ್ಥಿ ರುದರ್‌ಫೋರ್ಡ್, 1919ರಲ್ಲಿ ಗುರುಗಳ ಸ್ಥಾನವನ್ನೇ ವಹಿಸಿಕೊಂಡರು. ಅಲ್ಲಿ ಕಲಿಯುವುದೆಂದರೆ ಹುಡುಕುವುದು. ಕಲಿಸುವುದೆಂದರೆ ಜೊತೆಯಲ್ಲಿ ನಿಂತು ಹುಡುಕುವುದು.

ಇದೇ ವಿಭಾಗದ ಇನ್ನೊಬ್ಬ ವಿದ್ಯಾರ್ಥಿನಿಯ ಕಥೆಯನ್ನು ಕೇಳಿ. ಜೋಸಲಿನ್ ಬೆಲ್ ಉತ್ತರ ಐರ್ಲೆಂಡಿನವರು. ಹನ್ನೊಂದನೆಯ ವಯಸ್ಸಿನಲ್ಲಿ ಬರೆದ ಪರೀಕ್ಷೆಯಲ್ಲಿ ಫೇಲಾಗಿದ್ದರು. ಶಾಲೆಯಲ್ಲಿ ಹುಡುಗರನ್ನು ವಿಜ್ಞಾನಕ್ಕೂ ಹುಡುಗಿಯರನ್ನು ಗೃಹವಿಜ್ಞಾನಕ್ಕೂ ಕಳುಹಿಸಿದಾಗ ತಂದೆತಾಯಿ ಸುಮ್ಮನಿರದೆ ಪ್ರತಿಭಟಿಸಿದರು. ಮಗಳು ವಿಜ್ಞಾನದ ತರಗತಿಗೆ ಹೋದಳು. 1965ರಲ್ಲಿ ಗ್ಲಾಸ್ಗೋದಲ್ಲಿ ಪದವಿ ಮುಗಿಸಿ ಕೇಂಬ್ರಿಜ್‌ಗೆ ಬಂದಾಗ, ಇಂಥ ಬುದ್ಧಿವಂತರ ನಡುವೆ ತನಗೆ ಅರ್ಹತೆಯಿಲ್ಲ, ಇಂದಲ್ಲ ನಾಳೆ ಹೊರಗೆ ಹಾಕುತ್ತಾರೆ ಎಂಬ ಅಂಜಿಕೆ ಅವರಿಗಿತ್ತು. ಆದ್ದರಿಂದಲೇ ಅತ್ಯಂತ ಶ್ರದ್ಧೆಯಿಂದ ದುಡಿದರು.

ಎರಡು ವರ್ಷ ಉಳಿದವರೊಂದಿಗೆ ಕಂಬ ನೆಟ್ಟು, ತಂತಿ ಕಟ್ಟಿ ನಾಲ್ಕು ಎಕರೆಗೂ ಮಿಕ್ಕಿದ ರೇಡಿಯೋ ದೂರದರ್ಶಕವನ್ನು ನಿರ್ಮಿಸಿದರು. ಅದು ಪ್ರತಿದಿನ ಸುಮಾರು ನೂರು ಅಡಿ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದನ್ನೆಲ್ಲ ಕಣ್ಣಿನಿಂದಲೇ ಪರಿಶೀಲಿಸುವುದು ಈ ವಿದ್ಯಾರ್ಥಿನಿಯ ಕೆಲಸ. 1967ರಲ್ಲಿ, ನೂರಾರು ಅಡಿ ಕಾಗದದಲ್ಲಿ ಕಾಲು ಇಂಚಿನಷ್ಟು ಒಂದು ಗುರುತು ಅವರಿಗೆ ಅರ್ಥವಾಗಲಿಲ್ಲ. ಹಾಗೆಂದು ಬಿಟ್ಟುಬಿಡಲಿಲ್ಲ, ಮಾರ್ಗದರ್ಶಕ ಆಂಟೊನಿ ಹ್ಯೂಯಿಷ್ ಅವರಿಗೆ ತೋರಿಸಿದರು. ಮನುಷ್ಯರೇ ಮಾಡಿದ ಯಾವುದೋ ಸದ್ದಿರಬೇಕೆಂದು ಗುರುಗಳು ಮೊದಲು ಸಂಶಯಪಟ್ಟರು. ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಪ್ರತಿ 1.33 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ಸಂಕೇತ ಕಂಡಿತು! ಅದೇ ಪಲ್ಸಾರ್, ಅಂದರೆ ಗಿರ್ರನೆ ಸುತ್ತುವ ನ್ಯೂಟ್ರಾನ್ ನಕ್ಷತ್ರ.

1974ರ ನೊಬೆಲ್ ಬಹುಮಾನ ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಬೆಲ್ ಅವರಿಗೆ ಸಿಗಲಿಲ್ಲ. ಆದರೆ 2018ರಲ್ಲಿ 30 ಲಕ್ಷ ಡಾಲರಿನ ಬ್ರೇಕ್‌ಥ್ರೂ ವಿಶೇಷ ಪ್ರಶಸ್ತಿ ಬಂದಾಗ, ಅವರು ಆ ಹಣವನ್ನೆಲ್ಲ ಭೌತಶಾಸ್ತ್ರ ಸಂಶೋಧನೆಗೆ ಅವಕಾಶ ಕಡಿಮೆಯಿರುವ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು.

ಪೋಷಕರೇ, ಮಗಳಿಗೆ ವಿಜ್ಞಾನ ಬೇಡವೆಂದು ಯಾರಾದರೂ ಹೇಳಿದರೆ ಒಮ್ಮೆ ಶಾಲೆಗೆ ಹೋಗಿ ವಿಚಾರಿಸಿ. ಉಪಾಧ್ಯಾಯ ಬಂಧುಗಳೇ, ಮಕ್ಕಳ ಪ್ರಶ್ನೆ ಚಿಕ್ಕದೆಂದು ತಳ್ಳಿಹಾಕದಿರಿ. ವಿದ್ಯಾರ್ಥಿಗಳೇ, ಅರ್ಥವಾಗದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಗುರುಗಳ ಮುಂದೆ ಇಡಿ. ಆ ಕಾಲು ಇಂಚಿನಲ್ಲಿ ಏನಿದೆಯೋ ಯಾರು ಬಲ್ಲರು?