ಬರಿಗಾಲನ್ನು ಹೊಗಳಿದ್ದು ಸಾಕು

ಇವತ್ತು ಒಬ್ಬ ಆಟಗಾರರ ಕಥೆ ಹೇಳ್ತೀನಿ. ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಕೊಳ್ತೀನಿ.

ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿದ ಭಾರತದ ಫುಟ್‌ಬಾಲ್ ತಂಡದಲ್ಲಿ ಇವರಿದ್ದರು. ಆಗ ನಮ್ಮ ರಾಯಚೂರು ಇನ್ನೂ ನಿಜಾಮನ ಕೈಯಲ್ಲಿತ್ತು. ನಮ್ಮ ತಂಡದ ಹೆಚ್ಚಿನವರು ಬರಿಗಾಲಲ್ಲೇ ಮೈದಾನಕ್ಕಿಳಿದರು. ಎರಡು ಪೆನಾಲ್ಟಿ ಕೈತಪ್ಪಿದವು, 2-1ರಿಂದ ಸೋತೆವು. ಆದರೂ ಜನ ಚಪ್ಪಾಳೆ ತಟ್ಟಿದರು.

ಮರುವರ್ಷ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿನ ಐವರು ಮುನ್ನಡೆ ಆಟಗಾರರಿಗೆ 'ಪಂಚಪಾಂಡವರು' ಅಂತಲೇ ಹೆಸರು, ಅದರಲ್ಲಿ ಇವರೊಬ್ಬರು. 1949ರಿಂದ ಸತತ ಮೂರು ವರ್ಷ ಐಎಫ್ಎ ಶೀಲ್ಡ್, 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ. ಎಲ್ಲರ ಬಾಯಲ್ಲೂ ಬರಿಗಾಲಿನ ಗುಣಗಾನ.

ಮುಂದಿನ ವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. ಫಲಿತಾಂಶ 10-1. ಆ ಒಂದು ಗೋಲು ಅಹ್ಮದ್ ಖಾನ್ ಅವರದೇ. ಆಮೇಲೆ ಬೂಟು ಕಡ್ಡಾಯವಾಯಿತು. ಬುದ್ಧಿ ಬರೋಕೆ ಹತ್ತು ಗೋಲು ಬೇಕಾಯ್ತು!

ಈಗ ನನ್ನ ತಪ್ಪು. ಕೆಲ ವರ್ಷಗಳ ಹಿಂದೆ ದೇವದುರ್ಗದ ಹತ್ತಿರದ ಒಬ್ಬ ಹುಡುಗನ ಮೇಲೆ ಸ್ಟೋರಿ ಮಾಡಿದ್ದೆ. ಮಾನ್ವಿಯಲ್ಲಿ ಓಟದ ಸ್ಪರ್ಧೆ, ಕಾದ ನೆಲ, ಬರಿಗಾಲು, ಮೊದಲ ಬಹುಮಾನ. ಹಿನ್ನೆಲೆಗೆ ಸಂಗೀತ ಹಾಕಿ 'ಬರಿಗಾಲ ಚಿರತೆ' ಅಂತ ಹೆಡ್‌ಲೈನ್ ಕೊಟ್ಟೆ. ನೀವೂ ಮೆಚ್ಚಿಕೊಂಡಿರಿ. ನನ್ನ ಕಾಲಲ್ಲಿ ಬೂಟಿತ್ತು. ಅವನಿಗೊಂದು ಜೊತೆ ಕೊಡಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಮನೆ ಮುಂದೆ ಮತ್ತೆ ಹೋದೆ. ತಾಯಿ ಹೇಳಿದರು: "ಬೆಂಗಳೂರಿಗೆ ಗುಳೆ ಹೋಗ್ಯಾನ್ರೀ, ಕಟ್ಟಡದ ಕೆಲಸಕ್ಕ. ಟಿವ್ಯಾಗ ಬಂದಿದ್ದನಲ್ರೀ, ಅದರಿಂದ ಏನಾತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಹ್ಮದ್ ಖಾನ್ ಊರು ಬಿಟ್ಟಿದ್ದು ಆಡೋಕೆ. ನಮ್ಮ ಹುಡುಗ ಊರು ಬಿಟ್ಟಿದ್ದು ಆಟ ಬಿಟ್ಟು.

ಬಡತನ ಪ್ರತಿಭೆಯನ್ನು ಬೆಳೆಸಲ್ಲ ವೀಕ್ಷಕರೇ. ಬಡತನ ಇದ್ದರೂ ಪ್ರತಿಭೆ ಅಷ್ಟು ದಿನ ತಡಕೊಂಡಿರುತ್ತೆ, ಅಷ್ಟೇ. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆ ಬಂದರೆ ಗುಳೆ ಹೋಗುವವರ ಬಸ್ಸು ತುಂಬುತ್ತೆ. ಅದರೊಳಗೆ ಎಷ್ಟು ಓಟಗಾರರಿದ್ದಾರೋ, ಯಾರು ಲೆಕ್ಕ ಇಟ್ಟಿದ್ದಾರೆ? ಶಾಲೆಗೊಂದು ಮೈದಾನ, ಮಕ್ಕಳಿಗೆ ಬೂಟು, ಆಡೋ ಹುಡುಗರ ಮನೆಗೆ ಊರಲ್ಲೇ ಕೂಲಿ. ಕೇಳಬೇಕಾದ್ದು ಇಷ್ಟು.

ಇನ್ನು ಮುಂದೆ ನನ್ನ ಕಾರ್ಯಕ್ರಮದಲ್ಲಿ ಬರಿಗಾಲು ಕಂಡರೆ ಸಂಗೀತ ಇರಲ್ಲ. ಪ್ರಶ್ನೆ ಇರುತ್ತೆ.