ಎರಡನೆಯ ನೀರು

(ಬಾನುಲಿ ಭಾಷಣದ ಪಠ್ಯ)

ಮದ್ಯವನ್ನು ಕುರಿತು ನಮ್ಮಲ್ಲಿ ಬಹುಕಾಲದಿಂದ ಎರಡೇ ಬಗೆಯ ಮಾತು ರೂಢಿಯಲ್ಲಿದೆ: ಒಂದು ಖಂಡನೆ, ಮತ್ತೊಂದು ವಿನೋದ. ವೇದಿಕೆಯ ಮೇಲೆ ನಿಂತು ಖಂಡಿಸುತ್ತೇವೆ, ಕಟ್ಟೆಯ ಮೇಲೆ ಕುಳಿತು ನಗುತ್ತೇವೆ. ಇವೆರಡರ ನಡುವೆ ವಿಚಾರದ ಮಾತಿಗೂ ಎಡೆಯುಂಟು. ಕುಡಿಯುವ ಪದಾರ್ಥದಲ್ಲಿ ಮದ್ಯಸಾರ ಎಷ್ಟಿದೆ, ಎಷ್ಟಿರಬೇಕೆಂದು ಯಾರು ಗೊತ್ತುಮಾಡುತ್ತಾರೆ, ಆ ನಿರ್ಧಾರದ ಫಲವನ್ನು ಯಾರು ಉಣ್ಣುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಈ ಹೊತ್ತು ಕೇಳಬೇಕೆಂದಿದ್ದೇನೆ. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ನಾಲ್ಕು ಊರುಗಳು ಸಾಕು: ಮುಂಡಗೋಡ, ಜೋಯಿಡಾ, ಹಳಿಯಾಳ ಮತ್ತು ದಾಂಡೇಲಿ. ನಾನು ಪಾನಪ್ರಿಯರ ಪರವಾಗಿಯೂ ಮಾತನಾಡುತ್ತಿಲ್ಲ, ಪಾನನಿಷೇಧದ ಪ್ರಚಾರಕನೂ ಅಲ್ಲ. ಊರಿನ ಪದಾರ್ಥಗಳನ್ನು ನೋಡಿದ ಒಬ್ಬನ ಲೆಕ್ಕಾಚಾರವೆಂದು ಕೇಳುಗರು ಇದನ್ನು ಭಾವಿಸಬೇಕು.

ಮುಂಡಗೋಡದಿಂದ ಆರಂಭಿಸೋಣ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗಾಗಿ ಇಲ್ಲಿ 1966ರಲ್ಲಿ ವಸತಿಯೊಂದು ಏರ್ಪಟ್ಟಿತು. ಅದರ ಹೆಸರು ದೋಗುಲಿಂಗ್. ಅನಂತರ ಗಾಂದೆನ್ ಮತ್ತು ದ್ರೆಪುಂಗ್ ಎಂಬ ಎರಡು ಮಹಾವಿಹಾರಗಳೂ ಇಲ್ಲಿಯೇ ಮರುಸ್ಥಾಪನೆಗೊಂಡವು. ವಿಹಾರದ ಭಿಕ್ಷುಗಳಿಗೆ ಮದ್ಯ ವರ್ಜ್ಯ. ಆದರೆ ಟಿಬೆಟಿನ ಗೃಹಸ್ಥರ ಸಂಪ್ರದಾಯದಲ್ಲಿ ಛಾಂಗ್ ಎಂಬ ಪಾನೀಯಕ್ಕೆ ಬಹು ಹಿಂದಿನ ಸ್ಥಾನವಿದೆ. ಲೋಸರ್ ಎಂಬ ಹೊಸ ವರ್ಷದ ಹಬ್ಬ, ಮದುವೆ, ಅತಿಥಿಸತ್ಕಾರ, ಇವೆಲ್ಲದರಲ್ಲಿಯೂ ಅದು ಇರತಕ್ಕದ್ದು. ಮೂಲತಃ ಇದು ಜವೆಗೋದಿಯದು. ಅಕ್ಕಿ, ಗೋದಿಗಳಿಂದಲೂ ಮಾಡುವುದುಂಟು. ಸಿಕ್ಕಿಮ್ ಮತ್ತು ಪೂರ್ವ ನೇಪಾಳಗಳಲ್ಲಿ ತೊಂಗ್ಬಾ ಎಂದು ಕರೆಯುವ ಇದರ ಬಂಧುವನ್ನು ನಮ್ಮ ರಾಗಿಯಿಂದಲೇ ಮಾಡುತ್ತಾರೆ.

ಛಾಂಗ್ ಮಾಡುವ ಕ್ರಮ ನಮ್ಮ ಅಡಿಗೆಮನೆಯವರಿಗೆ ಸುಲಭವಾಗಿ ತಿಳಿಯುವಂಥದು. ಕಾಳನ್ನು ಮೆತ್ತಗೆ ಬೇಯಿಸಿ, ಬಟ್ಟೆಯ ಮೇಲೆ ಹರಡಿ, ಉಗುರುಬೆಚ್ಚಗಾಗುವವರೆಗೆ ಆರಿಸುತ್ತಾರೆ. ಫಬ್ ಎಂಬ ಹುದುಗಿನ ಬಿಲ್ಲೆಯನ್ನು ಪುಡಿಮಾಡಿ ಅದಕ್ಕೆ ಬೆರೆಸುತ್ತಾರೆ. ಪಾತ್ರೆಗೆ ತುಂಬಿ, ಕಂಬಳಿ ಸುತ್ತಿ, ಕೆಲವು ದಿನ ಇಡುತ್ತಾರೆ. ಕಾಳು ಹುದುಗಿ ಹುಳಿಸಿಹಿಯ ವಾಸನೆ ಹೊರಟ ಮೇಲೆ ನೀರು ಹೊಯ್ದು ರಸವನ್ನು ಬಸಿಯುತ್ತಾರೆ. ಹೀಗೆ ಬಸಿದ ಮೊದಲ ನೀರು ಕಟುವಾಗಿರುತ್ತದೆ. ಅದೇ ಕಾಳಿಗೆ ಮತ್ತೆ ನೀರು ಹೊಯ್ದರೆ ಎರಡನೆಯ ನೀರು, ಅದಾದ ಮೇಲೆ ಮೂರನೆಯದು. ಒಂದಕ್ಕಿಂತ ಒಂದು ತಿಳಿ. ಹಲವು ಮನೆಗಳಲ್ಲಿ ಇವನ್ನು ಬೆರೆಸಿ ಹದಕ್ಕೆ ತರುತ್ತಾರೆ. ಬಡಿಸುವುದಕ್ಕೂ ಒಂದು ಮರ್ಯಾದೆಯಿದೆ. ಅತಿಥಿ ಮೊದಲು ಉಂಗುರದ ಬೆರಳನ್ನು ಅದ್ದಿ ಮೂರು ಬಾರಿ ಗಾಳಿಗೆ ಸಿಡಿಸಿ ದೇವತೆಗಳಿಗೆ ಅರ್ಪಿಸುತ್ತಾನೆ. ಬಳಿಕ ಒಂದು ಗುಟುಕು ಹೀರುತ್ತಾನೆ, ಮನೆಯಾಕೆ ಬಟ್ಟಲನ್ನು ತುಂಬುತ್ತಾಳೆ. ಹೀಗೆ ಮೂರು ಸಲ ನಡೆದ ಮೇಲೆ ನಾಲ್ಕನೆಯ ಸಲ ಬಟ್ಟಲನ್ನು ಬರಿದುಮಾಡಬೇಕು. ಉರಿಯುವ ಸಾರಾಯಿಯನ್ನು ಈ ಮರ್ಯಾದೆಯಿಂದ ಕುಡಿಸಿದರೆ ಅತಿಥಿಯನ್ನು ಹೊತ್ತುಕೊಂಡು ಹೋಗಬೇಕಾದೀತು. ಪಾನೀಯ ತಿಳಿಯಾಗಿರುವುದರಿಂದಲೇ ಉಪಚಾರಕ್ಕೆ ಅಷ್ಟು ಅವಕಾಶ.

ಈಗ ಆಶ್ಚರ್ಯದ ಸಂಗತಿಯನ್ನು ಗಮನಿಸಿ. ಹಿಮಾಲಯದ ಆಚೆಯ ಈ ಪದ್ಧತಿಯೇ ಇಂಗ್ಲೆಂಡಿನ ಹಳ್ಳಿಮನೆಗಳಲ್ಲಿಯೂ ಇತ್ತು. ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಗೆ, ಅಂದರೆ ಮಾಲ್ಟಿಗೆ, ಬಿಸಿನೀರು ಹೊಯ್ದು ಮೊದಲ ರಸವನ್ನು ಇಳಿಸಿ ಗಟ್ಟಿ ಬಿಯರು ಮಾಡುತ್ತಿದ್ದರು. ಅದೇ ಧಾನ್ಯದ ಎರಡನೆಯ, ಮೂರನೆಯ ರಸದಿಂದ ಸ್ಮಾಲ್ ಬಿಯರ್ ಎಂಬ ತಿಳಿಪಾನೀಯ ಸಿದ್ಧವಾಗುತ್ತಿತ್ತು. ಅದನ್ನು ಆಳುಕಾಳುಗಳೂ ಮಕ್ಕಳೂ ದಿನನಿತ್ಯ ಕುಡಿಯುತ್ತಿದ್ದರು. ಒಬ್ಬರನ್ನೊಬ್ಬರು ಕಂಡರಿಯದ ಎರಡು ಜನಾಂಗಗಳು ಒಂದೇ ಉಪಾಯಕ್ಕೆ ಬಂದುದು ಧಾನ್ಯದ ಬೆಲೆ ತಿಳಿದವರ ಮಿತವ್ಯಯದಿಂದ.

ಬಿಯರೆಂದರೆ ಒಂದೇ ಪದಾರ್ಥವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಸಾರೆಂದರೆ ಒಂದೇ ಎಂದಂತೆ ಇದು. ಮಾಲ್ಟನ್ನು ಎಷ್ಟು ಹುರಿದರು, ಯಾವ ನೀರು, ಕಹಿ ಕೊಡುವ ಹಾಪ್ಸ್ ಎಂಬ ಬಳ್ಳಿಯ ಹೂ ಎಷ್ಟು, ಯಾವ ಯೀಸ್ಟು, ಎಷ್ಟು ತಂಪಿನಲ್ಲಿ ಹುದುಗಿಸಿದರು, ಇವುಗಳನ್ನು ಹಿಡಿದು ಶೈಲಿಗಳು ಬೇರೆಯಾಗುತ್ತವೆ. ಬೆಚ್ಚಗಿನ ಹವೆಯಲ್ಲಿ ಬೇಗ ಹುದುಗುವುದು ಏಲ್. ತಂಪಿನಲ್ಲಿ ನಿಧಾನವಾಗಿ ಹುದುಗಿ ತಿಳಿಯಾಗುವುದು ಲಾಗರ್. ಕರಿದಾಗಿ ಹುರಿದ ಮಾಲ್ಟಿನಿಂದ ಪೋರ್ಟರ್, ಸ್ಟೌಟ್‌ಗಳು. ಬೊಹೀಮಿಯಾದ ಪಿಲ್ಸೆನ್ ಪಟ್ಟಣದಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬಾತ ಸಿದ್ಧಪಡಿಸಿದ ಹೊಂಬಣ್ಣದ ಲಾಗರ್ ಜಗತ್ತನ್ನೇ ಆಕ್ರಮಿಸಿತು; ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಬಾಟಲಿಗಳಲ್ಲಿ ಬಹುಪಾಲು ಅದರ ದೂರದ ಸಂತಾನ. ಇಂಗ್ಲೆಂಡಿನ ಮೈಲ್ಡ್, ಬಿಟರ್ ಎಂಬ ಬಗೆಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 3ರಿಂದ 4ರಷ್ಟು. ಬರ್ಲಿನ್ನಿನ ಹುಳಿ ಗೋದಿಬಿಯರಿನಲ್ಲಿ ಸುಮಾರು 3. ಇಂಥ ಕಡಿಮೆ ಸಾರದ ಬಿಯರುಗಳಿಗೆ ಈಗ ಸೆಷನ್ ಬಿಯರ್ ಎಂದು ಹೆಸರು. ಧಾರವಾಡದ ಕಡೆಯವರಾದ ನಮಗೆ ಬೈಠಕ್ ಎಂಬ ಮಾತು ಸಂಗೀತದಿಂದ ಪರಿಚಿತ. ಬೈಠಕ್ಕಿನ ಬಿಯರು ಎಂದರೆ ಅರ್ಥ ಸರಿಹೋಗುತ್ತದೆ. ರಾತ್ರಿಯೆಲ್ಲ ಕುಳಿತು ಕೇಳುವವನಿಗೆ ಮೊದಲ ಗಳಿಗೆಯಲ್ಲಿಯೇ ತಲೆ ತೂಗಿದರೆ ಆಗದು.

1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಮದ್ದುಗುಂಡಿನ ಕಾರ್ಖಾನೆಗಳ ಕೆಲಸ ಕೆಡಬಾರದೆಂದು ಬ್ರಿಟಿಷ್ ಸರಕಾರ ಪಾನಗೃಹಗಳ ಹೊತ್ತನ್ನು ಮಧ್ಯಾಹ್ನಕ್ಕೂ ಸಂಜೆಗೂ ಕಡಿತಗೊಳಿಸಿತು. ಧಾನ್ಯದ ಅಭಾವ ಮತ್ತು ತೆರಿಗೆಗಳಿಂದ ಬಿಯರಿನ ಸಾರವೂ ಇಳಿಯಿತು. ಯುದ್ಧ ಮುಗಿದ ಮೇಲೂ ಅದು ಹಿಂದಿನ ಮಟ್ಟಕ್ಕೆ ಏರಲಿಲ್ಲ. ಜನರ ನಾಲಗೆ ತಿಳಿಗೆ ಒಗ್ಗಿಹೋಯಿತು. ನಾಲಗೆಯ ರುಚಿಯನ್ನು ಕಾನೂನೂ ತೆರಿಗೆಯೂ ತಿದ್ದಬಲ್ಲವೆಂಬುದಕ್ಕೆ ಇದೊಂದು ದೃಷ್ಟಾಂತ.

ತಿಳಿ ಬಿಯರು ಮಾಡುವುದು ಗಟ್ಟಿ ಬಿಯರಿಗಿಂತ ಕಷ್ಟವೆಂದು ಬಲ್ಲವರು ಹೇಳುತ್ತಾರೆ. ತಿಳಿಸಾರು ಮಾಡುವವರಿಗೆ ಇದರ ಮರ್ಮ ಗೊತ್ತು. ಮಸಾಲೆ ಹೆಚ್ಚಿದ್ದರೆ ದೋಷ ಮುಚ್ಚಿಹೋಗುತ್ತದೆ, ತಿಳಿಸಾರಿನಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಮರೆಯಿಲ್ಲ. ಸಾರ ಕಡಿಮೆಯಾದರೂ ಬಾಯಿಗೆ ನೀರುನೀರಾಗದಂತೆ ಮಾಡಲು ಅವರು ಮಾಲ್ಟನ್ನು ಕೊಂಚ ಹೆಚ್ಚು ಬಿಸಿಯಲ್ಲಿ, 68ರಿಂದ 70 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿ ನೆನೆಸುತ್ತಾರೆ. ಆಗ ಯೀಸ್ಟು ತಿನ್ನಲಾರದ ಸಕ್ಕರೆಗಳು ಉಳಿದು ಪಾನೀಯಕ್ಕೆ ಮೈಕಟ್ಟು ಬರುತ್ತದೆ. ಹಾಪ್ಸನ್ನು ಕುದಿಯ ಕೊನೆಯಲ್ಲಿ ಹಾಕಿ, ಕಹಿ ಏರದಂತೆ ಪರಿಮಳವನ್ನು ಉಳಿಸುತ್ತಾರೆ.

ಪಿಷ್ಟವನ್ನು ಸಕ್ಕರೆಯಾಗಿಸುವ ಪದಾರ್ಥಕ್ಕೆ ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ಕಿಣ್ವ ಎಂದು ಹೆಸರು. ಈ ಪದ ಪಾಠಶಾಲೆಯಲ್ಲಿ ಹುಟ್ಟಿದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನನ್ನು ಕುರಿತ ಅಧ್ಯಾಯವೊಂದಿದೆ. ಅಲ್ಲಿ ಮೇದಕವೆಂಬ ಪಾನೀಯಕ್ಕೆ ನೀರು, ಅಕ್ಕಿ ಮತ್ತು ಕಿಣ್ವ ಇಷ್ಟಿಷ್ಟು ಎಂದು ಅಳತೆ ಕೊಟ್ಟಿದೆ. ಅಲ್ಲಿನ ಕಿಣ್ವವೆಂದರೆ ಹುದುಗಿನ ಮುದ್ದೆ, ಮುಂಡಗೋಡದವರು ಫಬ್ ಎನ್ನುವುದರ ಪೂರ್ವಜ. ಧಾನ್ಯದ ತಿಳಿಮದ್ಯ ನಮಗೆ ಪರದೇಶದ ಸರಕೇನಲ್ಲವೆಂಬುದಕ್ಕೆ ಭಾಷೆಯೇ ಸಾಕ್ಷಿ ನುಡಿಯುತ್ತದೆ.

ಇನ್ನು ಜೋಯಿಡಾಕ್ಕೆ ಬರೋಣ. ಹಿಂದೆ ಸೂಪಾ ತಾಲ್ಲೂಕೆನಿಸಿದ್ದ ಈ ಕಾಡುನಾಡು ಗೋವೆಗೆ ಅಂಟಿಕೊಂಡಿದೆ. ಪಶ್ಚಿಮ ಘಟ್ಟದ ಈ ಕಾಡುಗಳ ಒಂದು ಮರ ಬೈನೆ. ಇದರ ಹೂಗೊಂಚಲನ್ನು ಕೊಯ್ದು ರಸ ಇಳಿಸುವ ವಿದ್ಯೆ ಬಹಳ ಹಳೆಯದು. ಆ ರಸ ಬೆಳಗ್ಗೆ ಸಿಹಿ, ಗಾಳಿಯ ಯೀಸ್ಟು ಕೂಡಿಕೊಂಡು ಹೊತ್ತೇರುವಷ್ಟರಲ್ಲಿ ಕಳ್ಳು, ಮರುದಿನಕ್ಕೆ ಹುಳಿ. ಅದರ ಸಾರ ಶೇಕಡಾ 4, 5ಕ್ಕೆ ಬಂದು ನಿಲ್ಲುತ್ತದೆ. ಕೂಡಿಡಲಾಗದು, ದೂರ ಸಾಗಿಸಲಾಗದು. ಇಳಿಸಿದ ದಿನ, ಇಳಿಸಿದ ಊರಿನಲ್ಲಿ ಕುಡಿದು ಮುಗಿಸಬೇಕು. ಪ್ರಕೃತಿಯೇ ಹಾಕಿದ ಮಿತಿಯಿದು. ರಾಜರತ್ನಂ ಅವರ ರತ್ನನ ಹೆಸರಿಗೆ ಅಂಟಿಕೊಂಡದ್ದೂ ಹೆಂಡವೇ ಹೊರತು ಸಾರಾಯಿಯಲ್ಲ ಎಂಬುದನ್ನು ಸಾಹಿತ್ಯಾಸಕ್ತರು ನೆನೆಯಬಹುದು.

ಆದರೆ ಮನುಷ್ಯರು ಹಾಕಿದ ಮಿತಿಗಳು ಬೇರೆ ಫಲ ಕೊಟ್ಟವು. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿಷೇಧ ಕಾಯಿದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಗಡಿಯಾಚೆ ಗೋವೆಯಲ್ಲಿ 1961ರ ಡಿಸೆಂಬರಿನವರೆಗೆ ಪೋರ್ತುಗೀಸರ ಆಡಳಿತ, ಅಲ್ಲಿ ಇಂಥ ತಡೆಯಿಲ್ಲ. ನಿಷೇಧವಿದ್ದಲ್ಲಿ ಯಾವ ಮದ್ಯ ಉಳಿಯುತ್ತದೆ? ಮಡಕೆಯ ಕಳ್ಳನ್ನು ಅಡಗಿಸುವುದು ಕಷ್ಟ, ಸೀಸೆಯ ಭಟ್ಟಿಸರಕನ್ನು ಅಡಗಿಸುವುದು ಸುಲಭ. ಹೊತ್ತು ತರುವ ಅಪಾಯ ಒಂದೇ ಆದರೆ ಕಡಿಮೆ ತೂಕದಲ್ಲಿ ಹೆಚ್ಚು ಮತ್ತಿರುವುದನ್ನೇ ತರುತ್ತಾರೆ. ಅಮೆರಿಕದಲ್ಲಿ 1920ರಿಂದ 1933ರವರೆಗಿನ ನಿಷೇಧದಲ್ಲಿಯೂ ಬಿಯರು ಹಿಂದೆ ಸರಿದು ಕಟುಮದ್ಯ ಮುಂದೆ ಬಂದಿತು. ಅಲ್ಲಿ ನಿಷೇಧ ಸಡಿಲವಾಗುವಾಗ 1933ರ ಏಪ್ರಿಲ್ 7ರಂದು ಮೊದಲು ಬಿಡುಗಡೆ ಪಡೆದದ್ದು ತೂಕದಲ್ಲಿ ಶೇಕಡಾ 3.2 ಸಾರದ ತಿಳಿ ಬಿಯರೆಂಬುದು ಅರ್ಥಪೂರ್ಣ. ನಮ್ಮಲ್ಲಿ ಕ್ರಮ ತಿರುಗಾಮುರುಗಾ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಸರಿ. ಆದರೆ ದಕ್ಷಿಣ ಕನ್ನಡ, ಉಡುಪಿಗಳ ಹೊರತು ರಾಜ್ಯದ ಬಹುಭಾಗದಲ್ಲಿ ಕಳ್ಳಿಗೂ ತಡೆ ಬಿದ್ದಿತು. ಬಡವನ ಮುಂದೆ ಉಳಿದದ್ದು ಅಂಗಡಿಯ ವಿಸ್ಕಿ, ರಮ್ಮು, ಬ್ರಾಂದಿ.

ಆ ಸರಕಿನ ಮೂಲವನ್ನು ಅರಿಯಬೇಕಾದರೆ ಹಳಿಯಾಳದ ಕಬ್ಬಿನ ಗದ್ದೆಗಳನ್ನು ನೋಡಬೇಕು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ನಮ್ಮ ದೇಶದ ಭಟ್ಟಿಮದ್ಯಕ್ಕೆ ಬಹುಕಾಲದಿಂದ ಮುಖ್ಯ ಆಧಾರ. ಅದರ ಸಾರಕ್ಕೆ ಋತುವಿಲ್ಲ, ಊರಿಲ್ಲ. ಕೆಡುವುದಿಲ್ಲ, ಎಷ್ಟು ದೂರಕ್ಕಾದರೂ ಹೋಗುತ್ತದೆ. ಬೈನೆಯ ಮಿತಿ ಅದಕ್ಕೆ ತಿಳಿಯದು.

ಇದೆಲ್ಲ ಬಂದು ಸೇರುವ ಊರು ದಾಂಡೇಲಿ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನೊಡನೆ ಬೆಳೆದ ಕಾರ್ಮಿಕರ ಪಟ್ಟಣ. ಈಗ ಕಾಳಿ ನದಿಯ ದೋಣಿಯಾಟಕ್ಕೆ ಬರುವ ಪ್ರವಾಸಿಗರ ಪಟ್ಟಣವೂ ಹೌದು. ಇಲ್ಲಿಯ ಅಂಗಡಿಯಲ್ಲಿ, ದೇಶದ ಎಲ್ಲ ಕಡೆ ಇರುವಂತೆ, ಹೆಚ್ಚು ಮಾರಾಟವಾಗುವುದು ಸ್ಟ್ರಾಂಗ್ ಬಿಯರು. ಲೆಕ್ಕ ಹಾಕಿ ನೋಡೋಣ. 650 ಮಿಲಿಲೀಟರಿನ ಬಾಟಲಿಯಲ್ಲಿ ಶೇಕಡಾ 4ರ ಬಿಯರಿದ್ದರೆ ಶುದ್ಧ ಮದ್ಯಸಾರ 26 ಮಿಲಿಲೀಟರು. ಶೇಕಡಾ 8 ಇದ್ದರೆ 52. ಶೇಕಡಾ 42.8ರ ವಿಸ್ಕಿಯ 60 ಮಿಲಿಲೀಟರಿನಲ್ಲಿಯೂ ಇರುವುದು ಸುಮಾರು 26. ಅಂದರೆ ಬಿಯರೇ ತಾನೇ ಎಂದು ಎರಡು ಸ್ಟ್ರಾಂಗ್ ಬಾಟಲಿ ಮುಗಿಸಿದವನು ನಾಲ್ಕು ದೊಡ್ಡ ಪೆಗ್ ವಿಸ್ಕಿ ಮುಗಿಸಿದಂತೆ. ಯಕೃತ್ತಿಗೆ ಚೀಟಿಯ ಮೇಲಿನ ಹೆಸರು ಓದಲು ಬಾರದು. ತಾಸಿಗೆ ಸುಮಾರು 7ರಿಂದ 10 ಗ್ರಾಮಿನಷ್ಟನ್ನು ಮಾತ್ರ ಅದು ಕಳೆಯಬಲ್ಲದು. ತಿಳಿ ಬಾಟಲಿ ಕರಗಲು ಎರಡು, ಮೂರು ತಾಸು. ಗಟ್ಟಿಯದಕ್ಕೆ ನಾಲ್ಕರಿಂದ ಆರು. ಹೀಗಿದ್ದೂ ಕೊಳ್ಳುವವನು ಗಟ್ಟಿಯದನ್ನೇ ಏಕೆ ಕೇಳುತ್ತಾನೆ? ಬೆಲೆಯಲ್ಲಿ ಅಂತರ ಅಲ್ಪ, ಮತ್ತಿನಲ್ಲಿ ಅಂತರ ಇಮ್ಮಡಿ. ಕೈಯಲ್ಲಿ ಕಾಸು ಕಡಿಮೆ, ಕೂರುವ ಜಾಗವಿಲ್ಲ, ಹೊತ್ತಿಲ್ಲ. ನಿಂತಲ್ಲಿಯೇ ಮರೆವು ಬೇಕು. ಬೈಠಕ್ಕೇ ಇಲ್ಲದವನಿಗೆ ಬೈಠಕ್ಕಿನ ಬಿಯರು ಎಲ್ಲಿಯದು?

ಬೆಂಗಳೂರಿನಲ್ಲಿ 2010ರ ಆಚೀಚೆಯಿಂದ ಸಣ್ಣ ಬಿಯರು ತಯಾರಿಕಾ ಗೃಹಗಳು ತೆರೆದಿವೆ. ಅಲ್ಲಿ ಬಗೆಬಗೆಯ ಶೈಲಿಗಳು ಸಿಗುತ್ತವೆ. ರಾಗಿಯನ್ನು ಬಳಸಿ ನೋಡಿದವರೂ ಇದ್ದಾರೆ. ಉಳ್ಳವರು ತಿಳಿಯ ರುಚಿಯನ್ನು ಹೊಸದಾಗಿ ಕಂಡುಕೊಳ್ಳುತ್ತಿರುವ ಕಾಲದಲ್ಲಿಯೇ ಇಲ್ಲದವರ ಪಾಲಿನ ತಿಳಿ ಕೈತಪ್ಪಿಹೋಗಿದೆ. ಇದು ನನ್ನ ಮನಸ್ಸನ್ನು ಚುಚ್ಚುವ ಸಂಗತಿ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಕಿವಿಗೊಡದೆ ಮುಗಿಸುವುದು ಅನ್ಯಾಯ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ಹೆಂಗಸರು ಸಾರಾಯಿಯ ವಿರುದ್ಧ ಬೀದಿಗಿಳಿದಾಗ ಶೇಕಡಾವಾರಿನ ಮಾತು ಆಡಲಿಲ್ಲ. ಸಂಬಳದ ದಿನ ಬಾಗಿಲಲ್ಲಿ ಕಾಯುವ ಹೆಣ್ಣುಮಗಳಿಗೆ ಪೂರ್ತಿ ನಿಷೇಧವೇ ನ್ಯಾಯವೆಂದು ತೋರಿದರೆ ಅದನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮದ್ಯದ ಯಾವ ಪ್ರಮಾಣವೂ ನಿರಪಾಯವಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ತಿಳಿಯಾದದ್ದನ್ನು ಕೊಡಗಟ್ಟಲೆ ಕುಡಿದರೆ ಅದು ತಿಳಿಯಲ್ಲ. ಕುಡಿಯದಿರುವುದೇ ಎಲ್ಲಕ್ಕಿಂತ ಒಳ್ಳೆಯದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಕುಡಿಯುವವರು ಇದ್ದೇ ಇರುವ ಸಮಾಜದಲ್ಲಿ ಅವರ ಕೈಗೆ ಯಾವುದು ಸುಲಭವಾಗಿ ಎಟುಕಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಗಟ್ಟಿಯದು ಅಗ್ಗವಾಗಿ, ತಿಳಿಯಾದದ್ದು ದುಬಾರಿಯಾಗಿ ಅಥವಾ ಅಪರಾಧವಾಗಿ ಇದ್ದರೆ ಆಯ್ಕೆ ಕುಡಿಯುವವನದೆನ್ನುವುದು ಅರ್ಧಸತ್ಯ. ತೆರಿಗೆಯನ್ನು ಬಾಟಲಿಯ ಗಾತ್ರದ ಮೇಲಲ್ಲದೆ ಅದರಲ್ಲಿರುವ ಮದ್ಯಸಾರದ ಮೇಲೆ ಹಾಕಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ಸಾರಕ್ಕೆ ಬೆಲೆ ಕಟ್ಟಿದಾಗ ತಯಾರಿಸುವವನಿಗೂ ಕೊಳ್ಳುವವನಿಗೂ ತಿಳಿಯ ಕಡೆಗೆ ವಾಲುವ ಕಾರಣ ಹುಟ್ಟುತ್ತದೆ. ಕಾಳಿನ ಬೆಲೆ ಬಲ್ಲ ಮನೆಯಾಕೆ ಎರಡನೆಯ ನೀರನ್ನು ಹೊಯ್ದು ಮಿತಿಯನ್ನು ಪಾತ್ರೆಯೊಳಗೇ ಇರಿಸಿದಳು. ಆ ವಿವೇಕವನ್ನು ನಮ್ಮ ಅಬಕಾರಿಯ ಲೆಕ್ಕಪುಸ್ತಕವೂ ಕಲಿಯಬಾರದೇಕೆ?